ವಿದೇಶಿ ಕಂಪನಿ ದಾವೆ ಹಾಕಿದರೆ: ಖರ್ಚಿಗೆ ಭದ್ರತೆ ಕೇಳೋದು ಹೇಗೆ?

ವಿದೇಶದ ಕಂಪನಿಯೊಂದು ಇಲ್ಲಿನ ಕಾಫಿ ವ್ಯಾಪಾರದ ಕಂಪನಿ ಮೇಲೆ ದಾವೆ ಹಾಕಿ ಸೋತರೆ ವಕೀಲರ ಫೀಸು ಕಟ್ಟಿಕೊಡೋರು ಯಾರು? ಕೋರ್ಟ್ ಖರ್ಚು ಕೊಡಿಸಿದರೂ ವಸೂಲಿಗೆ ಇಲ್ಲಿ ಅವರ ಆಸ್ತಿ ಇರಬೇಕಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಆದೇಶ ಇರೋದು ಇದಕ್ಕೇ. ವಾದಿ ಭಾರತದ ಹೊರಗಿದ್ದು, ದಾವೆಯಲ್ಲಿರುವ ಆಸ್ತಿ ಬಿಟ್ಟು ದೇಶದಲ್ಲಿ ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ದರೆ ಕೋರ್ಟ್ ಭದ್ರತೆ ಕೇಳಲೇಬೇಕು. ಗೋಡೌನಿನ ಸರಕು ಸ್ಥಿರಾಸ್ತಿಯಲ್ಲ. ದಾವೆ ಯಾವ ಹಂತದಲ್ಲಿದ್ದರೂ ಪ್ರತಿವಾದಿ ಅರ್ಜಿ ಹಾಕಬಹುದು. ತಡ ಮಾಡದಿರೋದು ಒಳ್ಳೆಯದು. ಗಡುವಿನೊಳಗೆ ಭದ್ರತೆ ಕೊಡದೆ, ಅನುಮತಿ ಪಡೆದು ದಾವೆಯನ್ನೂ ವಾಪಸ್ ತೆಗೆದುಕೊಳ್ಳದಿದ್ದರೆ ದಾವೆ ವಜಾ. ಸಕಾರಣ ತೋರಿಸಿದರೆ ಮಾತ್ರ ಅದಕ್ಕೆ ಮರುಜೀವ.

ವಾದಿ ಇಲ್ಲಿನ ಕಂಪನಿಯೇ ಆಗಿದ್ದರೆ? ಆಗಲೂ ಕೇಳಬಹುದು, ಆದರೆ ಅದು ಕೋರ್ಟಿನ ವಿವೇಚನೆ. ಆದೇಶಿಸಿದರೆ ಕಾರಣ ಬರೆಯಬೇಕು.