ಬಾಸ್ಟನ್ನಿನ ‘ಬ್ರಾಹ್ಮಣರು’ ಮತ್ತು ಹಿತ್ತಿಲ ಬಾಗಿಲು

1847ರ ಮಾರ್ಚ್ 28ರಂದು ಬಾಸ್ಟನ್ ಬಂದರಿನಿಂದ ‘ಜೇಮ್ಸ್‌ಟೌನ್’ ಎಂಬ ಹಡಗು ಐರ್ಲೆಂಡಿಗೆ ಹೊರಟಿತು. ಅದು ಅಮೆರಿಕದ ನೌಕಾಪಡೆಗೆ ಸೇರಿದ ಯುದ್ಧನೌಕೆ. ಆ ಸಲ ಅದರಲ್ಲಿದ್ದದ್ದು ಮಾತ್ರ ಸುಮಾರು 800 ಟನ್ ದವಸಧಾನ್ಯ ಮತ್ತು ಬಟ್ಟೆಬರೆ. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಕಪ್ತಾನ ರಾಬರ್ಟ್ ಬೆನೆಟ್ ಫೋರ್ಬ್ಸ್, ಅಫೀಮೂ ಸೇರಿದಂತೆ ಚೀನಾ ವ್ಯಾಪಾರದಲ್ಲಿ ಹಣ ಗಳಿಸಿದ್ದ ಬಾಸ್ಟನ್ನಿನ ಸಿರಿವಂತ. ಐರಿಷರ ಹಬ್ಬವಾದ ಸಂತ ಪ್ಯಾಟ್ರಿಕ್ ದಿನದಂದು ಸರಕು ತುಂಬುವ ಕೆಲಸ ಶುರುವಾಯಿತು. ಬಂದರಿನ ಐರಿಷ್ ಕೂಲಿಗಳು ಕೂಲಿ ಕೇಳದೆ ಮೂಟೆ ಹೊತ್ತರು.

ಹಡಗು 15 ದಿನಗಳಲ್ಲಿ ಕಾರ್ಕ್ ತಲುಪಿತು. ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ ಅವರ ಜೊತೆ ಅಲ್ಲಿನ ಓಣಿಗಳಲ್ಲಿ ನಡೆದ ಫೋರ್ಬ್ಸ್ ಕಣ್ಣಾರೆ ಕಂಡ ದೃಶ್ಯಗಳಿಂದ ತತ್ತರಿಸಿಹೋದ. ಈ ದಯೆ ನಿಜವಾದದ್ದು, ಅನುಮಾನವಿಲ್ಲ. ಆದರೆ ಅದೇ ವರ್ಷ ಅದೇ ಕಡಲಿನಲ್ಲಿ ಎದುರು ದಿಕ್ಕಿನಿಂದಲೂ ಹಡಗುಗಳು ಬರುತ್ತಿದ್ದವು. ಅವುಗಳಲ್ಲಿ ಇದ್ದವರು ಹಸಿದ ಜನ. ಕಾಯಿಲೆ ಬಿದ್ದವರನ್ನು ಬಾಸ್ಟನ್ ಆಡಳಿತ ಡಿಯರ್ ದ್ವೀಪದಲ್ಲೇ ಇಳಿಸಿಕೊಂಡಿತು. ನೂರಾರು ಮಂದಿ ಊರಿಗೆ ಕಾಲಿಡದೆ ಅಲ್ಲೇ ಸತ್ತರು. 1850ರ ಹೊತ್ತಿಗೆ ಬಾಸ್ಟನ್ನಿನ ಜನಸಂಖ್ಯೆ ಸುಮಾರು 1.37 ಲಕ್ಷ. ಅವರಲ್ಲಿ ನಾಲ್ವರಲ್ಲಿ ಒಬ್ಬರು ಐರಿಷರು. ದೂರದಲ್ಲಿದ್ದಾಗ ಮರುಕ ಹುಟ್ಟಿಸಿದ ಜನ ಮನೆ ಬಾಗಿಲಿಗೆ ಬಂದಾಗ ಊರು ಹೇಗೆ ನಡೆದುಕೊಂಡಿತು?

ಆ ಊರಿನ ಮೇಲ್ವರ್ಗದವರು ಲೊವೆಲ್, ಕ್ಯಾಬಟ್, ಆಪಲ್‌ಟನ್, ಲಾರೆನ್ಸ್ ಮುಂತಾದ ಮನೆತನಗಳವರು. ಹಡಗು ವ್ಯಾಪಾರ, ಬಟ್ಟೆ ಗಿರಣಿ, ಬ್ಯಾಂಕು ಅವರ ಕೈಯಲ್ಲಿದ್ದವು. ಮಕ್ಕಳು ಹಾರ್ವರ್ಡಿನಲ್ಲಿ ಓದುತ್ತಿದ್ದರು, ಮದುವೆಗಳು ತಮ್ಮತಮ್ಮೊಳಗೇ ನಡೆಯುತ್ತಿದ್ದವು. ಇಂಥ ಕುಲೀನರಿಗೆ ಅಂಟಿದ ಹೆಸರು ನಮ್ಮ ಕಡೆಯದು. 1860ರಲ್ಲಿ ವೈದ್ಯ, ಸಾಹಿತಿ ಆಲಿವರ್ ವೆಂಡೆಲ್ ಹೋಮ್ಸ್ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ತಲೆಮಾರುಗಳಿಂದ ಓದುಬರಹವನ್ನೇ ನೆಚ್ಚಿದ ಕುಟುಂಬಗಳನ್ನು ನ್ಯೂ ಇಂಗ್ಲೆಂಡಿನ ‘ಬ್ರಾಹ್ಮಣ ಜಾತಿ’ ಎಂದು ಕರೆದ. ಅವನ ಮನಸ್ಸಿನಲ್ಲಿದ್ದದ್ದು ಹಣಕ್ಕಿಂತ ಹೆಚ್ಚಾಗಿ ವಿದ್ವತ್ತು. ಜನರ ಬಾಯಲ್ಲಿ ಅದು ಹಳೆಯ ಸಿರಿವಂತರೆಲ್ಲರಿಗೂ ಸಲ್ಲುವ ಹೆಸರಾಯಿತು.

ಆ ಪದ ಬಾಸ್ಟನ್ನಿಗೆ ಅಪರಿಚಿತವೂ ಆಗಿರಲಿಲ್ಲ. ಅಲ್ಲಿನ ವರ್ತಕರಿಗೆ ಕಲ್ಕತ್ತ ಗೊತ್ತಿತ್ತು. ಫ್ರೆಡರಿಕ್ ಟ್ಯೂಡರ್ 1833ರಲ್ಲೇ ಅಲ್ಲಿಗೆ ಹಡಗಿನಲ್ಲಿ ಮಂಜುಗಡ್ಡೆ ಕಳಿಸಿದ್ದ. ಮದರಾಸಿನ ಕಡಲತೀರದಲ್ಲಿ, ಮುಂದೆ ವಿವೇಕಾನಂದರು ತಂಗಿದ ‘ಐಸ್ ಹೌಸ್’ ಮೊದಲು ಆ ವ್ಯಾಪಾರದ ಉಗ್ರಾಣವಾಗಿತ್ತು. 1846–47ರ ಚಳಿಗಾಲದಲ್ಲಿ ಬಾಸ್ಟನ್ ಹತ್ತಿರದ ವಾಲ್ಡನ್ ಕೊಳದ ಮಂಜುಗಡ್ಡೆ ಕೊಯ್ಯಲು ನೂರು ಮಂದಿ ಐರಿಷ್ ಕೂಲಿಗಳು ಬಂದದ್ದನ್ನು ಥೋರೊ ದಾಖಲಿಸಿದ್ದಾನೆ. ಅವರ ಮೇಸ್ತ್ರಿಗಳು ಮಾತ್ರ ಸ್ಥಳೀಯ ಯಾಂಕಿಗಳು.

ಬಂದರಿನ ಬಳಿ ಈ ಕೂಲಿಕಾರರು ಬದುಕಿದ್ದು ಹಳೆಯ ಗೋದಾಮುಗಳಲ್ಲಿ, ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ. 1849ರಲ್ಲಿ ಕಾಲರಾ ಬಂದಾಗ 600ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಐರಿಷರು. ಹೆಂಗಸರಿಗೆ ಸಿಕ್ಕಿದ್ದು ಸಿರಿವಂತರ ಮನೆಗೆಲಸ. ಆ ಹೆಣ್ಣುಮಗಳು ಅಡುಗೆ ಮಾಡಿದಳು, ಒಲೆ ಉರಿಸಿದಳು, ಮಕ್ಕಳನ್ನು ಎತ್ತಿ ಆಡಿಸಿದಳು. ಯಜಮಾನಿಯರಿಗೆ ಇಂಥವರೆಲ್ಲ ‘ಬ್ರಿಜೆಟ್’ ಆಗಿಬಿಟ್ಟರು. ಅಂಥವಳು ಇಲ್ಲದೆ ಮನೆ ನಡೆಯುತ್ತಿರಲಿಲ್ಲ. ಆದರೂ ಪ್ರಾಟೆಸ್ಟೆಂಟರೇ ಬೇಕು ಎಂಬ ಜಾಹೀರಾತುಗಳು ಬರುತ್ತಿದ್ದವು. ಅವಳು ಕೂಡಿಟ್ಟ ಸಂಬಳ ಊರಿಗೆ ಹೋಗಿ ತಮ್ಮನಿಗೋ ತಂಗಿಗೋ ಹಡಗಿನ ಟಿಕೆಟ್ ಆಗುತ್ತಿತ್ತು.

1858ರ ಹೊತ್ತಿಗೆ ಬ್ಯಾಕ್ ಬೇ ಎಂಬ ಜೌಗು ಪ್ರದೇಶವನ್ನು ತುಂಬುವ ಕೆಲಸ ಭರದಿಂದ ಶುರುವಾಯಿತು. ನೀಡಮ್ ಊರಿನಿಂದ ಹಗಲೂ ಇರುಳೂ ರೈಲಿನಲ್ಲಿ ಗರಸು ಬಂತು. ಈ ದುಡಿಮೆಯಲ್ಲೂ ಐರಿಷರು ದೊಡ್ಡ ಸಂಖ್ಯೆಯಲ್ಲಿದ್ದರು. ಆ ಹೊಸ ನೆಲದ ಮೇಲೆ ಎದ್ದ ಸಾಲುಮನೆಗಳಲ್ಲಿ ಅಡುಗೆಮನೆ ಕೆಳಗೆ, ಕೆಲಸದವರ ಕೋಣೆ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ನಡುವಿನ ಮಹಡಿಗಳವರ ಕಣ್ಣಿಗೆ ಬೀಳದಂತೆ ಓಡಾಡಲು ಹಿಂದೊಂದು ಕಿರಿದಾದ ಮೆಟ್ಟಿಲು. ಹಿತ್ತಿಲ ಓಣಿಯಲ್ಲಿ ಬೇರೆ ಬಾಗಿಲು.

ಹಗೆಯೆಲ್ಲ ಸಿರಿವಂತರದ್ದೇ ಆಗಿರಲಿಲ್ಲ. 1854ರ ಚುನಾವಣೆಯಲ್ಲಿ ‘ನೋ ನಥಿಂಗ್’ ಎಂಬ ವಲಸೆ ವಿರೋಧಿ ಪಕ್ಷ ಮ್ಯಾಸಚೂಸೆಟ್ಸ್ ಶಾಸನಸಭೆಯನ್ನು ಬಹುತೇಕ ಪೂರ್ತಿಯಾಗಿ ಗೆದ್ದುಕೊಂಡಿತು. ಅದಕ್ಕೆ ಬಲ ತುಂಬಿದವರು ಕೂಲಿ ದರ ಇಳಿಯುತ್ತದೆಂದು ಹೆದರಿದ ಸಾಮಾನ್ಯ ಕುಶಲಕರ್ಮಿಗಳು. ಸೋತವರಲ್ಲಿ ಕುಲೀನರ ವಿಗ್ ಪಕ್ಷವೂ ಇತ್ತು. ಮತ ಹಾಕಲು ಇಂಗ್ಲಿಷ್ ಓದಬರೆಯಲು ಬರಬೇಕೆಂದು 1857ರಲ್ಲಿ, ಪೌರತ್ವ ಸಿಕ್ಕ ಮೇಲೂ ಎರಡು ವರ್ಷ ಕಾಯಬೇಕೆಂದು 1859ರಲ್ಲಿ ನಿಯಮಗಳಾದವು. ಅಚ್ಚರಿಯೆಂದರೆ, 1855ರಲ್ಲಿ ಶಾಲೆಗಳಲ್ಲಿ ಕಪ್ಪುಮಕ್ಕಳನ್ನು ಬೇರೆ ಕೂರಿಸುವುದನ್ನು ನಿಷೇಧಿಸಿದ್ದೂ ಇದೇ ಪಕ್ಷದ ಸಭೆ. ಒಬ್ಬರ ನೋವು ಕಾಣುವ ಕಣ್ಣಿಗೆ ಪಕ್ಕದವರ ನೋವೂ ಕಾಣಬೇಕೆಂದೇನಿಲ್ಲ.

1884ರ ಕೊನೆಯಲ್ಲಿ, ಐದರ ಹರೆಯದಲ್ಲಿ ಐರ್ಲೆಂಡಿನಿಂದ ಬಂದಿದ್ದ ಹ್ಯೂ ಓಬ್ರಯನ್ ಬಾಸ್ಟನ್ನಿನ ಮೇಯರ್ ಆಗಿ ಆಯ್ಕೆಯಾದ. ಆ ಗದ್ದುಗೆ ಏರಿದ ಮೊದಲ ಐರಿಷ್ ಕ್ಯಾಥೊಲಿಕ್ ಅವನು. ಮರುವರ್ಷವೇ ರಾಜ್ಯದ ಶಾಸನಸಭೆ ಬಾಸ್ಟನ್ ಪೊಲೀಸರನ್ನು ನಗರಾಡಳಿತದ ಕೈಯಿಂದ ತಪ್ಪಿಸಿ, ಗವರ್ನರ್ ನೇಮಿಸುವ ಮಂಡಳಿಗೆ ಒಪ್ಪಿಸಿತು. ಹಸಿದವರಿಗೆ ಹಡಗು ತುಂಬಿ ಅನ್ನ ಕಳಿಸುವಾಗ ಬಾಸ್ಟನ್ ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ. ಅಧಿಕಾರದಲ್ಲಿ ಪಾಲು ಕೊಡುವುದೆಂದರೆ ಬಿಟ್ಟುಕೊಡಲೇಬೇಕಿತ್ತು. ಅದಕ್ಕೆ ಊರು ತಯಾರಿರಲಿಲ್ಲ.