ಅಜ್ಜ ತುಂಬಿಟ್ಟ ಪೀಪಾಯಿ: ಕೊನ್ಯಾಕ್ ಮನೆತನಗಳ ಮುನ್ನೂರು ವರ್ಷ

ಫ್ರಾನ್ಸಿನ ಪಶ್ಚಿಮ ಕರಾವಳಿಗೆ ಡಚ್ಚರ ಹಡಗುಗಳು ಮೊದಲು ಬಂದದ್ದು ಉಪ್ಪಿಗಾಗಿ. ಅಲ್ಲಿನ ಶರಾಂತ್ ನದಿಯ ಬಯಲಿನಲ್ಲಿ ಸಿಗುತ್ತಿದ್ದ ವೈನ್ ತೆಳು, ಹುಳಿ. ಸಮುದ್ರಯಾನದಲ್ಲಿ ಬೇಗ ಕೆಡುತ್ತಿತ್ತು. ಬಟ್ಟಿ ಇಳಿಸಿದರೆ ಕೆಡುವುದಿಲ್ಲ, ಹಡಗಿನಲ್ಲಿ ಜಾಗವೂ ಉಳಿಯುತ್ತದೆ ಎಂಬ ವ್ಯಾಪಾರದ ಲೆಕ್ಕಾಚಾರದಿಂದ ಆ ಸೀಮೆಯಲ್ಲಿ ಬ್ರಾಂಡಿ ಬೇರೂರಿತು. ಓಕ್ ಮರದ ಪೀಪಾಯಿಯಲ್ಲಿ ಹಡಗಿಗಾಗಿ ಕಾದ ಸರಕು ಮೆತ್ತಗಾಗಿ, ಹೊಂಬಣ್ಣಕ್ಕೆ ತಿರುಗಿ, ಮೊದಲಿಗಿಂತ ರುಚಿಯಾಗುತ್ತದೆ ಎಂಬುದು ಆಮೇಲೆ ತಿಳಿದ ವಿಷಯ. ಈ ಬ್ರಾಂಡಿಗೆ ಹೆಸರು ಕೊಟ್ಟ ಕೊನ್ಯಾಕ್ ಪಟ್ಟಣದ ಮನೆತನಗಳು ಏಳಲು ಇದೇ ಕಾರಣ, ಬೀಳಲೂ ಇದೇ ಕಾರಣ. ಕಾದವನಿಗೆ ಲಾಭವುಂಟು. ಆದರೆ ಕಾಯುವುದಕ್ಕೆ ಬಂಡವಾಳ ಬೇಕು, ಒಬ್ಬನ ಆಯುಷ್ಯವೂ ಸಾಲದು.

ಹೆಸರು ಮಾಡಿದ ಮೊದಲ ವ್ಯಾಪಾರಿಗಳಲ್ಲಿ ಹೊರಗಿನವರೇ ಎದ್ದು ಕಾಣುತ್ತಾರೆ. 1715ರಲ್ಲಿ ಅಂಗಡಿ ತೆರೆದ ಝಾಂ ಮಾರ್ಟೆಲ್ ಜೆರ್ಸಿ ದ್ವೀಪದವನು. 1765ರಲ್ಲಿ ವ್ಯಾಪಾರಕ್ಕಿಳಿದ ರಿಚರ್ಡ್ ಹೆನ್ನೆಸಿ ಫ್ರೆಂಚ್ ದೊರೆಯ ಸೈನ್ಯದಲ್ಲಿದ್ದ ಐರಿಷ್ ಅಧಿಕಾರಿ. ಕೊಳ್ಳುವವರು ಲಂಡನ್, ಡಬ್ಲಿನ್‌ಗಳಲ್ಲಿದ್ದಾಗ ಅಲ್ಲಿನ ಮಾತು ಬಲ್ಲವರಿಗೆ, ಬಂಧುಬಳಗ ಇದ್ದವರಿಗೆ ದಾರಿ ಸಲೀಸಾಗಿತ್ತು. ಬಳ್ಳಿ ಬೆಳೆಸುವವನು, ಬಟ್ಟಿ ಇಳಿಸುವವನು ಹಳ್ಳಿಯ ರೈತ, ಬಾಟಲಿಯ ಮೇಲಿನ ಹೆಸರು ಪಟ್ಟಣದ ವ್ಯಾಪಾರಿಯದು. ಈ ಹಂಚಿಕೆ ಇಂದಿಗೂ ಬಹುಪಾಲು ಹಾಗೆಯೇ ಇದೆ.

ರೈತನ ಪಾಲಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಗೌರವ ಮೂಡುತ್ತದೆ. ಬಟ್ಟಿಗೆ ಹೋಗುವ ವೈನಿಗೆ ಗಂಧಕ ಸೇರಿಸುವಂತಿಲ್ಲ, ಹೀಗಾಗಿ ಅದು ಬಹಳ ದಿನ ಬಾಳದು. ಸುಗ್ಗಿ ಮುಗಿದದ್ದೇ ತಡ ತಾಮ್ರದ ಹಂಡೆಯ ಕೆಳಗೆ ಬೆಂಕಿ ಹೊತ್ತಿಸಬೇಕು, ಮಾರ್ಚ್ 31ರೊಳಗೆ ಎಲ್ಲ ಮುಗಿಯಬೇಕು. ಮೊದಲ ಸಲ ಇಳಿಯುವುದು ಮಬ್ಬು ಬಣ್ಣದ, ಸುಮಾರು ಶೇ 30ರ ಮದ್ಯಸಾರ. ಅದನ್ನೇ ಮತ್ತೆ ಕಾಯಿಸಿದಾಗ ಮೊದಲು ಬರುವ ಘಾಟನ್ನು ಬೇರೆ ಮಾಡಿ, ಕೊನೆಗೆ ಬರುವ ಸಪ್ಪೆಯನ್ನೂ ಬೇರೆ ಮಾಡಿ, ನಡುವಿನ ಶೇ 70ರ ಆಸುಪಾಸಿನ ತಿಳಿಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಮಾಪಕ ಒಂದಿಷ್ಟು ಹೇಳುತ್ತದೆ, ಉಳಿದದ್ದನ್ನು ಮೂಗು ಹೇಳಬೇಕು. ಹಿಂದೆ ಬಟ್ಟಿ ಇಳಿಸುವವನು ಚಳಿಗಾಲವಿಡೀ ಹಂಡೆಯ ಪಕ್ಕದಲ್ಲೇ ಮಂಚ ಹಾಕಿಕೊಂಡು ಮಲಗುತ್ತಿದ್ದ. ಒಂದು ಲೀಟರ್ ತಿಳಿಗೆ ಒಂಬತ್ತು ಹತ್ತು ಲೀಟರ್ ವೈನ್ ಸುರಿಯಬೇಕು. ಪೀಪಾಯಿಗೆ ಹೋದ ಮೇಲೂ ವರ್ಷಕ್ಕೆ ಸುಮಾರು ಶೇ 2 ಗಾಳಿಗೆ ಹೋಗುತ್ತದೆ. ಆ ಆವಿಯನ್ನೇ ತಿಂದು ಬದುಕುವ ಬೂಷ್ಟು ಉಗ್ರಾಣಗಳ ಗೋಡೆ, ಹೆಂಚುಗಳನ್ನೆಲ್ಲ ಕಪ್ಪಾಗಿಸಿದೆ. ಯಾರ ಮನೆಯಲ್ಲಿ ದಾಸ್ತಾನು ಇದೆ ಎಂಬುದು ಬೀದಿಯಿಂದಲೇ ಗೊತ್ತಾಗುತ್ತದೆ.

1870ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ಹೇನು ಈ ಸೀಮೆಯನ್ನು ನುಂಗಿತು. ಸುಮಾರು 2,80,000 ಹೆಕ್ಟೇರ್ ಇದ್ದ ತೋಟ 1893ರ ಹೊತ್ತಿಗೆ 40,000ಕ್ಕೆ ಇಳಿಯಿತು. ಪರಿಹಾರ ಸಿಕ್ಕಿದ್ದೂ ಅಮೆರಿಕದಲ್ಲೇ. ಸುಣ್ಣದ ಮಣ್ಣಿಗೆ ಒಗ್ಗುವ ಕಾಡು ದ್ರಾಕ್ಷಿಯನ್ನು ಹುಡುಕಿಕೊಂಡು ಹೋದ ವಿಜ್ಞಾನಿ ಪಿಯೆರ್ ವಿಯಲಾಗೆ ಟೆಕ್ಸಾಸಿನ ಡೆನಿಸನ್ ಊರಿನ ಟಿ.ವಿ. ಮನ್ಸನ್ ನೆರವಾದ. ಅಲ್ಲಿನ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಲಾಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ದೂರದ ಕತೆಯಲ್ಲ, ಅವರು ಕಸಿ ಕಟ್ಟುವ ಡಾಗ್ರಿಡ್ಜ್ ಬೇರೂ ಟೆಕ್ಸಾಸ್ ಮೂಲದ್ದೇ. ಸರಕಿಗೆ ಬರ ಬಂದಾಗ ಕಳ್ಳಮಾಲು ಬರುತ್ತದೆ. ಎಲ್ಲಿಯದೋ ಸಾರಾಯಿ ಕೊನ್ಯಾಕ್ ಹೆಸರಲ್ಲಿ ಮಾರಾಟವಾಗತೊಡಗಿದಾಗ, 1909ರಲ್ಲಿ ಸೀಮೆಯ ಗಡಿಯನ್ನು ಕಾನೂನು ಗುರುತಿಸಿತು. ನನ್ನ ಮಟ್ಟಿಗೆ ಸಣ್ಣ ಬೆಳೆಗಾರನನ್ನು ಉಳಿಸಿದ್ದು ಯಾವ ವ್ಯಾಪಾರಿಯೂ ಅಲ್ಲ, ಈ ಗಡಿರೇಖೆ.

ಫಿಲಾಕ್ಸೆರಾ ಬಂದಾಗ ಹಳೆಯ ಪೀಪಾಯಿಗಳಿದ್ದವರು ಬದುಕಿಕೊಂಡರು. ಆದರೆ ದಾಸ್ತಾನು ಎಂದರೆ ಮಲಗಿರುವ ದುಡ್ಡು. 1923ರಲ್ಲಿ ರಾಷ್ಟ್ರಸಂಘದ ಹುದ್ದೆ ಬಿಟ್ಟು ಕೊನ್ಯಾಕ್‌ಗೆ ಮರಳಿದ ಝಾಂ ಮೊನೆ, ಮುಂದೆ ಯುರೋಪಿನ ಒಕ್ಕೂಟಕ್ಕೆ ಅಡಿಪಾಯ ಹಾಕಿದವನು, ಮನೆಯ ಕಂಪನಿಯನ್ನು ಮುಳುಗದಂತೆ ತಡೆಯಲು ಅಪ್ಪ ಅಕ್ಕರೆಯಿಂದ ಕೂಡಿಟ್ಟ ಹಳೆಯ ಬ್ರಾಂಡಿಯನ್ನು ಕೈಬಿಡಬೇಕಾಯಿತು. ಎಲ್ಲ ಮನೆಗಳಿಗೂ ಇದೇ ಪ್ರಶ್ನೆ ಎದುರಾಯಿತು. ದೊಡ್ಡ ದಾಸ್ತಾನಿಗೆ ದೊಡ್ಡ ಸಾಲ ಬೇಕು, ಸಾಲಕ್ಕೆ ದೊಡ್ಡ ಪಾಲುದಾರರು ಬೇಕು. 1971ರಲ್ಲಿ ಹೆನ್ನೆಸಿ ಶಾಂಪೇನ್ ಕಂಪನಿಯೊಂದಿಗೆ ಸೇರಿತು, 1987ರಲ್ಲಿ ಲೂಯಿ ವಿತಾನ್ ಜತೆ ಇನ್ನೂ ದೊಡ್ಡ ಗುಂಪಾಯಿತು. ಮಾರ್ಟೆಲ್ 1988ರಲ್ಲಿ ಸೀಗ್ರಾಮ್‌ಗೆ ಹೋಗಿ, ಅಲ್ಲಿಂದ ಪೆರ್ನೋ ರಿಕಾರ್ ಕೈಸೇರಿತು. ಹೆನ್ನೆಸಿಯಲ್ಲಿ ಒಡೆತನ ಬದಲಾದರೂ ರುಚಿ ನೋಡಿ ಬೆರೆಸುವ ಕೆಲಸ ಫಿಯೂ ಮನೆತನದಲ್ಲೇ ಉಳಿದಿದೆ, 2017ರಲ್ಲಿ ಅದು ಎಂಟನೇ ತಲೆಮಾರಿಗೆ ಬಂತು.

ತೋಟ, ಹಂಡೆ, ಉಗ್ರಾಣ ಮೂರನ್ನೂ ಕೈಯಲ್ಲಿಟ್ಟುಕೊಂಡು ಉಳಿದವರಲ್ಲಿ ಫ್ರಾಪ್ಯಾಂ ಮನೆ ದೊಡ್ಡದು. ಶರಾಂತ್ ಸೀಮೆಯಲ್ಲಿ ಅವರ ಬೇರು 1270ರಷ್ಟು ಹಳೆಯದು. ಸೆಗೊಂಝಾಕ್ ಸುತ್ತ, ಅತ್ಯುತ್ತಮ ಸುಣ್ಣದ ಮಣ್ಣಿನಲ್ಲಿ, ಸುಮಾರು 240 ಹೆಕ್ಟೇರ್ ಬಳ್ಳಿಯಿದೆ. ತಮ್ಮ ಹಣ್ಣಿನದಲ್ಲದೆ ಬೇರೆ ಹನಿಯನ್ನು ಬಾಟಲಿಗೆ ತುಂಬಿಸರು. 1924ರಲ್ಲಿ ರೆಮಿ ಮಾರ್ಟಿನ್ ಕಂಪನಿಯನ್ನು ಕೈಗೆ ತೆಗೆದುಕೊಂಡ ಆಂದ್ರೆ ರೆನೊ ಈ ಮನೆಯ ಅಳಿಯ. ಅವನ ನಂತರ ಎರಡು ಆಸ್ತಿಗಳು ಇಬ್ಬರು ಹೆಣ್ಣುಮಕ್ಕಳ ಮನೆತನಗಳಿಗೆ ಹಂಚಿಹೋದವು. ರೆಮಿ ಮಾರ್ಟಿನ್ ಷೇರುಪೇಟೆಯ ಕಂಪನಿಯ ಭಾಗವಾಯಿತು, ಫ್ರಾಪ್ಯಾಂ ತೋಟದ ಮನೆಯಾಗಿಯೇ ಉಳಿಯಿತು. 1863ರ ಕಮು ಮನೆಯೂ ಐದು ತಲೆಮಾರು ಕಂಡಿದೆ.

ಇವರ ಸಂಕಟ ಈಗ ಬೇರೆ. ಹೆಚ್ಚುಕಡಿಮೆ ಎಲ್ಲ ಕೊನ್ಯಾಕ್ ಹೊರದೇಶಕ್ಕೆ ಹೋಗುತ್ತದೆ. 2025ರ ಜುಲೈಯಲ್ಲಿ ಚೀನಾ ಯುರೋಪಿನ ಬ್ರಾಂಡಿಯ ಮೇಲೆ ಸುಂಕ ಹೇರಿದ ಮೇಲೆ ಬಳ್ಳಿ ಕೀಳುವ ಮಾತು ಮತ್ತೆ ಕೇಳಿಬರುತ್ತಿದೆ.

ಆ ಗಡಿರೇಖೆಯ ಪಾಠ ನಮಗೂ ಬೇಕು. ದಕ್ಷಿಣ ಭಾರತದಲ್ಲಿ ಬ್ರಾಂಡಿಗೆ ಗಿರಾಕಿಗಳು ಬಹಳ. ಆದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಬ್ರಾಂಡಿಯಲ್ಲಿ ಹೆಚ್ಚಿನದು ಕಬ್ಬಿನ ಕಾಕಂಬಿಯ ಮದ್ಯಸಾರದಿಂದ ಆದದ್ದು, ದ್ರಾಕ್ಷಿಯ ಪಾಲು ಅಲ್ಪ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಬಾಟಲಿಯಲ್ಲಿ ದ್ರಾಕ್ಷಿಯ ಅಂಶ ಎಷ್ಟು, ಅದು ಯಾವ ಸೀಮೆಯದು ಎಂಬುದನ್ನು ಲೇಬಲ್ಲಿನ ಮುಂದುಗಡೆ ದಪ್ಪಕ್ಷರದಲ್ಲಿ ಬರೆಯಬೇಕೆಂದು ನಮ್ಮ ಬೆಳೆಗಾರರ ಸಂಘಗಳು ಸರ್ಕಾರವನ್ನು ಕೇಳಬೇಕು.