ಬೇಸಿಗೆ ರಜೆಯ ಬೀಗ

ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೊರಟಾಗಲೆಲ್ಲ ಅಪ್ಪ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತಿದ್ದರು. ಒಂದು ವರ್ಷ ವಾಪಸ್ ಬಂದರೆ ಬೀಗ ಬೀಗದ ಹಾಗೇ ಇತ್ತು, ಚಿಲಕವೇ ಕಿತ್ತು ಬಂದಿತ್ತು! ಹೋದದ್ದು ಎರಡು ಹಿತ್ತಾಳೆ ಕೊಡ, ಜೊತೆಗೆ ಅಮ್ಮನ ನಿದ್ದೆ.

ಬೀಗದ ಮೇಲಿನ ಇಂಥ ನಂಬಿಕೆ ಲಂಡನ್ನಿನಲ್ಲೂ ಒಮ್ಮೆ ಅಲುಗಾಡಿತ್ತು. ಅದೂ ಬೇಸಿಗೆಯಲ್ಲೇ, 1851ರಲ್ಲಿ. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬಗೆಯ ಬೀಗವೊಂದನ್ನು ಅವನ ಕಂಪನಿ ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿಟ್ಟು, ಕೀಲಿಕೈ ಇಲ್ಲದೆ ತೆಗೆದವರಿಗೆ 200 ಗಿನ್ನಿ ಅಂತ ಸವಾಲು ಹಾಕಿತ್ತು. ದಶಕಗಳು ಕಳೆದರೂ ಯಾರಿಗೂ ಆಗಿರಲಿಲ್ಲ. ಆ ವರ್ಷದ ಮಹಾ ವಸ್ತುಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಮೊದಲು ಚಬ್ ಕಂಪನಿಯ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದ. ಕಳ್ಳ ಕೈಯಾಡಿಸಿದರೆ ಬಿಗಿದುಕೊಂಡು ಯಜಮಾನನಿಗೆ ಸುಳಿವು ಕೊಡುವ ಬೀಗವದು! ಆಮೇಲೆ ಬ್ರಾಮಾ ಬೀಗ... 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ಬಿಡಿಸಿದ. 200 ಗಿನ್ನಿ ಕೊಡಲೇಬೇಕಾಯಿತು.

ಹಾಬ್ಸ್‌ಗೆ ಸಿಕ್ಕಷ್ಟು ಸಮಯ, ಸಲಕರಣೆ ಕಳ್ಳನಿಗೆಲ್ಲಿ ಸಿಗಬೇಕು ಅಂತ ಬ್ರಾಮಾ ಕಡೆಯವರು ವಾದ ಮಾಡಿದರು. ಮಾತು ಸುಳ್ಳಲ್ಲ. ಆದರೆ ತಿಂಗಳುಗಟ್ಟಲೆ ಮನೆ ಮುಚ್ಚಿ ಊರಿಗೆ ಹೋಗುವ ನಮ್ಮಂಥವರನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ ಅನ್ನಿಸುತ್ತೆ :) ನಮ್ಮ ಕಳ್ಳನಂತೂ ಬೀಗ ಮುಟ್ಟಲೇ ಇಲ್ಲ!

ಮರುವರ್ಷ ಅಪ್ಪ ಇನ್ನೂ ದೊಡ್ಡ ಬೀಗ ತಂದರು. ಅಮ್ಮ ಮಾತ್ರ ಪಕ್ಕದ ಮನೆಯವರಿಗೆ, "ನಾವು ಬರೋವರೆಗೂ ದಿನಾ ನಮ್ಮ ಬಾಗಿಲಿಗೂ ನೀರು ಹಾಕಿ ರಂಗೋಲಿ ಎಳೀರಿ" ಅಂತ ಹೇಳಿ ಬಸ್ಸು ಹತ್ತಿದರು.